ಎಲಿಜಬೆತ್ ಆಶ್‌ಬ್ರಿಜ್‌ಳ ತವರಿನ ಜಾಡು: ಮಕ್ಕಳಿಲ್ಲದ ಕ್ವೇಕರ್ ಬೋಧಕಿಯ ವಂಶಮೂಲವನ್ನು ಹುಡುಕುವುದು ಹೇಗೆ?

ಚೆಸ್ಟರ್‌ನಿವಾಸಿ:

ಎಲ್ಲರಿಗೂ ನಮಸ್ಕಾರ. ಪೆನ್ಸಿಲ್ವೇನಿಯದ ಚೆಸ್ಟರ್ ಕೌಂಟಿಗೆ ನಾವು ಬಂದು ನೆಲೆಸಿ ಹದಿನಾಲ್ಕು ವರ್ಷಗಳಾದವು. ಮಗಳನ್ನು ಸಂಗೀತದ ಪಾಠಕ್ಕೆ ಬಿಟ್ಟುಬರುವ ದಾರಿಯಲ್ಲಿ ಗೋಶೆನ್ ಕ್ವೇಕರರ, ಅಂದರೆ ಪಾದ್ರಿಯಿಲ್ಲದೆ ಆರಾಧನೆ ನಡೆಸುವ ಒಂದು ಕ್ರೈಸ್ತ ಪಂಥದವರ, ಸಭಾಗೃಹ ಸಿಗುತ್ತದೆ. ಗೋಪುರವಿಲ್ಲದ, ಶಿಲುಬೆಯಿಲ್ಲದ, ಗಂಟೆಯೂ ಇಲ್ಲದ ಆ ಕಟ್ಟಡವನ್ನು ಎಷ್ಟೋ ದಿನ ಯಾರದೋ ಹಳೆಯ ಮನೆಯೆಂದೇ ತಿಳಿದಿದ್ದೆ. ಕಳೆದ ಚಳಿಗಾಲದಲ್ಲಿ ಈ ಸೀಮೆಯ ಚರಿತ್ರೆಯನ್ನು ಓದುತ್ತಾ ಹೋದಾಗ ಎಲಿಜಬೆತ್ ಆಶ್‌ಬ್ರಿಜ್ ಎಂಬ ಬೋಧಕಿಯ ಹೆಸರು ಎದುರಾಯಿತು, ಅಲ್ಲಿಂದ ಈಚೆಗೆ ನನ್ನ ಬಿಡುವಿನ ವೇಳೆಯೆಲ್ಲ ಆಕೆಯದೇ ಆಗಿದೆ.

ಗೊತ್ತಿಲ್ಲದವರಿಗಾಗಿ ಆಕೆಯ ಬದುಕನ್ನು ಚಿಕ್ಕದಾಗಿ ಹೇಳುತ್ತೇನೆ. 1713ರಲ್ಲಿ ಇಂಗ್ಲೆಂಡಿನ ಚೆಷೈರ್ ಸೀಮೆಯ ಮಿಡಲ್‌ವಿಚ್‌ನಲ್ಲಿ ಹುಟ್ಟಿದಳು. ತಂದೆ ಥಾಮಸ್ ಸ್ಯಾಂಪ್ಸನ್ ಹಡಗಿನಲ್ಲಿ ಶಸ್ತ್ರವೈದ್ಯನಾಗಿದ್ದವನು, ತಾಯಿ ಮೇರಿ. ಹದಿನಾಲ್ಕನೆಯ ವಯಸ್ಸಿಗೆ ಕಾಲುಚೀಲ ನೇಯುವ ಬಡ ಯುವಕನೊಬ್ಬನ ಜೊತೆ ಓಡಿಹೋಗಿ ಮದುವೆಯಾದಳು, ಅವನು ಐದೇ ತಿಂಗಳಲ್ಲಿ ತೀರಿಕೊಂಡ. ತಂದೆ ಮನೆಗೆ ಸೇರಿಸಲಿಲ್ಲ. ತಾಯಿ ಡಬ್ಲಿನ್ನಿನಲ್ಲಿದ್ದ ತನ್ನ ಬಂಧುವೊಬ್ಬರ ಬಳಿಗೆ ಕಳುಹಿಸಿದಳು. ಅಲ್ಲಿಂದ 1732ರಲ್ಲಿ ಹಡಗೇರಿ ನ್ಯೂಯಾರ್ಕಿಗೆ ಬಂದವಳನ್ನು ಹಡಗಿನ ಒಡೆಯ ಬಲವಂತದಿಂದ ಕರಾರಿಗೆ ಸಹಿ ಹಾಕಿಸಿ ಜೀತಕ್ಕೆ ಮಾರಿದ. ಹೊಲಿಗೆಯಿಂದ ಸಂಪಾದಿಸಿದ ಹಣದಲ್ಲಿ ಕರಾರಿನ ಕೊನೆಯ ಭಾಗವನ್ನು ಬಿಡಿಸಿಕೊಂಡು, ಸಲಿವನ್ ಎಂಬ ಶಾಲಾಮಾಸ್ತರನನ್ನು ಮದುವೆಯಾದಳು. ಪೆನ್ಸಿಲ್ವೇನಿಯದ ಬಂಧುಗಳನ್ನು ನೋಡಲು ಹೋದಾಗ ಕ್ವೇಕರ್ ಪಂಥದತ್ತ ಒಲಿದಳು, ಅದಕ್ಕಾಗಿ ಗಂಡನ ಕೈಯಲ್ಲಿ ವರ್ಷಗಟ್ಟಲೆ ಹಿಂಸೆಯನ್ನೂ ಅನುಭವಿಸಿದಳು. ಅವನು ಸತ್ತ ಮೇಲೆ 1746ರಲ್ಲಿ ಗೋಶೆನ್‌ನ ಏರನ್ ಆಶ್‌ಬ್ರಿಜ್‌ನನ್ನು ಮದುವೆಯಾದಳು. 1753ರಲ್ಲಿ ಧರ್ಮಪ್ರವಾಸಕ್ಕೆಂದು ಸಮುದ್ರ ದಾಟಿ ಹೋದವಳು 1755ರಲ್ಲಿ ಐರ್ಲೆಂಡಿನಲ್ಲಿಯೇ ಕಣ್ಮುಚ್ಚಿದಳು. ತನ್ನ ಬದುಕಿನ ಮೊದಲ ಭಾಗವನ್ನು ತಾನೇ ಬರೆದಿಟ್ಟಿದ್ದಾಳೆ. ಅದು ಕೈಬರಹದ ಪ್ರತಿಗಳಲ್ಲಿ ಹರಡಿ, 1774ರಲ್ಲಿ ಅಚ್ಚಾಯಿತು.

ನನ್ನ ತೊಡಕು ಇದು. ಅಂತರ್ಜಾಲದಲ್ಲಿ ಸಿಗುವ ವಂಶವೃಕ್ಷಗಳಲ್ಲಿ ಒಂದರಲ್ಲಿ ಆಕೆಗೆ ಮೂವರು ಮಕ್ಕಳಿದ್ದಾರೆ, ಇನ್ನೊಂದರಲ್ಲಿ ಒಬ್ಬರೂ ಇಲ್ಲ. ನ್ಯೂಯಾರ್ಕಿಗೆ ಬಂದ ದಿನ ಒಂದು ಕಡೆ ಜುಲೈ, ಇನ್ನೊಂದು ಕಡೆ ಸೆಪ್ಟೆಂಬರ್. ತಾಯಿಯ ತವರಿನ ಹೆಸರು ಎಲ್ಲಿಯೂ ಆಧಾರಸಹಿತವಾಗಿ ಇಲ್ಲ. ಅಪ್ಪನಿಂದ ಮಗ, ಮಗನಿಂದ ಮೊಮ್ಮಗ ಎಂದು ಇಳಿಯುವ ಏಣಿಯಲ್ಲಿ ಈ ಹೆಂಗಸಿಗೆ ಮೆಟ್ಟಿಲೇ ಇಲ್ಲವಲ್ಲ, ಎಲ್ಲಿಂದ ಆರಂಭಿಸಬೇಕು?


ನಿವೃತ್ತ ಗುಮಾಸ್ತ:

ಅಮ್ಮಾ, ನಮಸ್ಕಾರ. ನಾನು ಮೂವತ್ತೊಂದು ವರ್ಷ ನ್ಯಾಯಾಲಯವೊಂದರ ರೆಕಾರ್ಡು ಕೋಣೆಯಲ್ಲಿ ಕೆಲಸ ಮಾಡಿದವನು. ನಿವೃತ್ತಿಯ ನಂತರ ನ್ಯೂಜೆರ್ಸಿಯಲ್ಲಿ ಮಗನ ಮನೆಗೆ ಬಂದು ಹೋಗುವಾಗ ಹೊತ್ತು ಕಳೆಯಲೆಂದು ಕ್ವೇಕರರ ಕಡತಗಳನ್ನು ಓದುವುದಕ್ಕೆ ಹಿಡಿದೆ. ಹೊತ್ತು ಕಳೆಯುವ ಮಾತು ಹಾಗಿರಲಿ, ಕಡತವೆಂದರೆ ಹೀಗಿರಬೇಕು ಎನ್ನುವಷ್ಟು ಅಚ್ಚುಕಟ್ಟು ಅವರದು.

ದಿನಾಂಕದ ವಿಷಯವನ್ನು ಮೊದಲು ಮುಗಿಸೋಣ. ತಿಂಗಳು ಮತ್ತು ವಾರಗಳ ಹೆಸರುಗಳು ರೋಮಿನ ಮತ್ತು ಉತ್ತರ ಯುರೋಪಿನ ಹಳೆಯ ದೇವತೆಗಳವು ಎಂಬ ಕಾರಣಕ್ಕೆ ಕ್ವೇಕರರು ಅವನ್ನು ಬಳಸದೆ ಮೊದಲನೆಯ ತಿಂಗಳು, ಎರಡನೆಯ ತಿಂಗಳು ಎಂದೇ ಬರೆಯುತ್ತಿದ್ದರು. ಇಂಗ್ಲೆಂಡಿನಲ್ಲಿಯೂ ಅದರ ವಸಾಹತುಗಳಲ್ಲಿಯೂ 1751ರ ತನಕ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಆದ್ದರಿಂದ ಅವರಿಗೆ ಮೊದಲನೆಯ ತಿಂಗಳೆಂದರೆ ಮಾರ್ಚ್, ಏಳನೆಯದೆಂದರೆ ಸೆಪ್ಟೆಂಬರ್. ನಮ್ಮ ಯುಗಾದಿಯ ಲೆಕ್ಕಕ್ಕೆ ಒಗ್ಗಿದವರಿಗೆ ಇದು ವಿಚಿತ್ರವೆನಿಸಬಾರದು. 1752ರಲ್ಲಿ ಸರ್ಕಾರ ಪಂಚಾಂಗವನ್ನು ಬದಲಿಸಿ, ಸೆಪ್ಟೆಂಬರ್ 2ರ ಮರುದಿನವನ್ನು 14 ಎಂದು ಕರೆದು, ವರ್ಷಾರಂಭವನ್ನು ಜನವರಿಗೆ ತಂದಿತು. ಅಲ್ಲಿಂದ ಮುಂದೆ ಕ್ವೇಕರರಿಗೂ ಮೊದಲನೆಯ ತಿಂಗಳೆಂದರೆ ಜನವರಿ. ಈಗ ನಿಮ್ಮ ಎಲಿಜಬೆತ್‌ಳನ್ನು ನೋಡಿ. ನ್ಯೂಯಾರ್ಕಿಗೆ ಬಂದದ್ದು 1732ರ ಏಳನೆಯ ತಿಂಗಳು ಎಂದು ಆಕೆಯ ಬರಹ ಹೇಳುತ್ತದೆ, ಅದು ಸೆಪ್ಟೆಂಬರ್. ಸತ್ತದ್ದು 1755ರ ಐದನೆಯ ತಿಂಗಳ 16, ಅದು ಮೇ. ಜುಲೈ ಎಂದು ಬರೆದವರು ಹೊಸ ಲೆಕ್ಕವನ್ನು ಹಳೆಯ ವರ್ಷಕ್ಕೆ ಹಾಕಿದ್ದಾರೆ, ಅಷ್ಟೇ. ದಾಖಲೆಯಲ್ಲಿ ಇದ್ದಂತೆಯೇ ಮೊದಲು ಬರೆದುಕೊಳ್ಳಿ, ನಿಮ್ಮ ಅರ್ಥವನ್ನು ಪಕ್ಕದಲ್ಲಿ ಬೇರೆ ಶಾಯಿಯಲ್ಲಿ ಬರೆಯಿರಿ. ಎರಡನ್ನೂ ಕಲಸಿದವರು ಮುಂದೆ ಬಂದವರಿಗೆಲ್ಲ ಕೆಲಸ ಹೆಚ್ಚಿಸಿ ಹೋಗಿದ್ದಾರೆ.

ಇನ್ನು ಕಡತಗಳು. ಕ್ವೇಕರರ ಆಡಳಿತದ ಬುಡ ಅವರ ಮಾಸಿಕ ಸಭೆ. ಸುತ್ತಮುತ್ತಲ ಕೆಲವು ಆರಾಧನಾ ಕೂಟಗಳು ಸೇರಿ ತಿಂಗಳಿಗೊಮ್ಮೆ ವ್ಯವಹಾರಕ್ಕಾಗಿ ಕೂಡುತ್ತಿದ್ದವು. ಗಂಡಸರ ಸಭೆ ಬೇರೆ, ಹೆಂಗಸರ ಸಭೆ ಬೇರೆ, ಎರಡಕ್ಕೂ ಅವರವರದೇ ನಡಾವಳಿ ಪುಸ್ತಕ. ಹುಟ್ಟು ಸಾವುಗಳ ಪಟ್ಟಿ, ಮದುವೆಯ ಪತ್ರ, ಊರು ಬಿಟ್ಟು ಊರಿಗೆ ಹೋಗುವವರಿಗೆ ಕೊಡುತ್ತಿದ್ದ ವರ್ಗಾವಣೆ ಪತ್ರ, ನಿಯಮ ಮೀರಿದವರ ವಿಚಾರಣೆ, ಎಲ್ಲವೂ ಇಲ್ಲಿಯೇ. ಬೋಧಕರ ವಿಷಯದಲ್ಲಿ ಇನ್ನೆರಡು ಬಗೆಯ ಕಾಗದಗಳಿವೆ. ಒಂದು, ದೂರ ಪ್ರವಾಸ ಹೋಗುವಾಗ ಸಭೆ ಕೊಡುತ್ತಿದ್ದ ಒಪ್ಪಿಗೆಯ ಪತ್ರ, ಸಮುದ್ರ ದಾಟುವುದಾದರೆ ಮಾಸಿಕ ಸಭೆಯ ಮೇಲಿನ ಸಭೆಗಳ ಒಪ್ಪಿಗೆಯೂ ಬೇಕಿತ್ತು. ಇನ್ನೊಂದು, ಸತ್ತ ಮೇಲೆ ಸಭೆ ಬರೆಯುತ್ತಿದ್ದ ಸ್ಮರಣಪತ್ರ. ಮಕ್ಕಳಿಲ್ಲದ ಹೆಂಗಸಿನ ಮಟ್ಟಿಗೆ ವಂಶವೃಕ್ಷ ಮೌನವಾಗಿರುವ ಕಡೆಯಲ್ಲೆಲ್ಲ ಈ ಕಾಗದಗಳು ಮಾತಾಡುತ್ತವೆ.

ಆಕೆಗೆ ಮಕ್ಕಳಿರಲಿಲ್ಲ. ಮೂವರನ್ನು ಅಂಟಿಸಿದವರು ಯಾವ ಜನನದಾಖಲೆಯನ್ನು ನೋಡಿದ್ದಾರೆ ಎಂದು ಕೇಳಿ, ಉತ್ತರ ಬರುವುದಿಲ್ಲ. ಬೇರೆ ಬೋಧಕಿಯರ ಕಥೆ ಬೇರೆ. ಈಕೆಗಿಂತ ಹಿಂದಿನ ಕಾಲದವಳಾದ, ಅಮೆರಿಕದ ನ್ಯಾಂಟಕೆಟ್ ದ್ವೀಪದ ಬೋಧಕಿ ಮೇರಿ ಸ್ಟಾರ್‌ಬಕ್‌ಳ ಸಂತತಿಯನ್ನು ಹುಡುಕಹೊರಟರೆ ಅರ್ಧ ದ್ವೀಪವೇ ಎದ್ದು ಬರುತ್ತದೆ.


ಸರೋವರತೀರ:

ನಾನು ಟೊರಾಂಟೊದವನು. ಈ ಹೆಸರನ್ನು ನೋಡಿದ ಕೂಡಲೇ ಬರೆಯಬೇಕೆನಿಸಿತು. ಭಾನುವಾರಗಳಂದು ನಾವು ಆಶ್‌ಬ್ರಿಜ್ ಕೊಲ್ಲಿಯ ದಡದಲ್ಲಿ ನಡೆಯಲು ಹೋಗುತ್ತೇವೆ. ಆ ಹೆಸರು ಬಂದದ್ದು ಸಾರಾ ಆಶ್‌ಬ್ರಿಜ್ ಎಂಬ ವಿಧವೆಯಿಂದ. ಆಕೆಯೂ ಕ್ವೇಕರ್ ಮನೆತನದವಳು, 1793ರಲ್ಲಿ ಮಕ್ಕಳೊಂದಿಗೆ ಪೆನ್ಸಿಲ್ವೇನಿಯದಿಂದಲೇ ಬಂದವಳು. ಆ ಮನೆತನದವರು ಇನ್ನೂರು ವರ್ಷ ಅದೇ ಜಾಗದಲ್ಲಿ ಬದುಕಿದ್ದು, ಅವರ ಮನೆ ಈಗಲೂ ಕ್ವೀನ್ ರಸ್ತೆಯಲ್ಲಿದೆ. ಅಂದ ಮೇಲೆ ಎಲಿಜಬೆತ್‌ಳ ವಂಶ ಕೆನಡಾದಲ್ಲಿ ಮುಂದುವರಿದಿದೆ ಎಂದಾಯಿತಲ್ಲವೇ?


ನಿವೃತ್ತ ಗುಮಾಸ್ತ:

ಅಲ್ಲ ಸ್ವಾಮಿ, ಹಾಗೆ ಆಗುವುದಿಲ್ಲ. ಏರನ್‌ನ ತಂದೆ ಜಾರ್ಜ್ ಆಶ್‌ಬ್ರಿಜ್ 1698ರಲ್ಲಿ ಇಂಗ್ಲೆಂಡಿನಿಂದ ಬಂದವನು, ಚೆಸ್ಟರ್ ಕೌಂಟಿಯ ಆಶ್‌ಬ್ರಿಜ್‌ಗಳಿಗೆ ಅವನೇ ಮೂಲಪುರುಷ. ಟೊರಾಂಟೊದವರನ್ನು ಅವನಿಗೆ ಕೂಡಿಸಬೇಕಾದರೆ ಒಂದೊಂದು ತಲೆಮಾರಿಗೂ ಒಂದೊಂದು ದಾಖಲೆಯನ್ನು ಮುಂದಿಡಬೇಕು. ಒಂದೇ ಹೆಸರು, ಒಂದೇ ಪಂಥ, ಒಂದೇ ಸೀಮೆ ಎನ್ನುವುದು ಹುಡುಕುವುದಕ್ಕೆ ಕಾರಣವೇ ಹೊರತು ರುಜುವಾತಲ್ಲ. ಹಾಗೆ ಕೂಡಿಸಿದರೂ ಅವರು ಎಲಿಜಬೆತ್‌ಗೆ ಕೊಟ್ಟ ಮನೆಯ ಕಡೆಯವರು, ಹುಟ್ಟಿದ ಮನೆಯವರಲ್ಲ. ಆಕೆ ಆ ಹೆಸರನ್ನು ಹೊತ್ತದ್ದು ಕೊನೆಯ ಒಂಬತ್ತು ವರ್ಷ ಮಾತ್ರ. ಅದಕ್ಕೆ ಮೊದಲು ಸಲಿವನ್, ಅದಕ್ಕೆ ಮೊದಲು ಆ ನೇಯ್ಗೆಯವನ ಹೆಸರು, ಅದಕ್ಕೂ ಮೊದಲು ಸ್ಯಾಂಪ್ಸನ್. ಒಬ್ಬಳೇ ಹೆಂಗಸು ನಾಲ್ಕು ಕಡತಗಳಲ್ಲಿ ನಾಲ್ಕು ಹೆಸರಿನಿಂದ ಕೂತಿದ್ದಾಳೆ.


ಅನುವಾದಕಿ:

ನಾನು ಆಕೆಯ ಆತ್ಮಕಥನವನ್ನು ಕನ್ನಡಕ್ಕೆ ತರಲು ಪ್ರಯತ್ನಿಸುತ್ತಿರುವವಳು. ನಿಮ್ಮ ಹುಡುಕಾಟಕ್ಕೆ ನೇರವಾಗಿ ಸಂಬಂಧಪಟ್ಟ ಒಂದು ಪದದಲ್ಲಿ ಆರು ವಾರದಿಂದ ಸಿಕ್ಕಿಕೊಂಡಿದ್ದೇನೆ.

ಪೆನ್ಸಿಲ್ವೇನಿಯಕ್ಕೆ ಬಂಧುಗಳನ್ನು ಕಾಣಲು ಹೊರಟ ಎಲಿಜಬೆತ್‌ಗೆ ಅವರೆಲ್ಲ ಕ್ವೇಕರರೆಂದೂ ಅವರಲ್ಲಿ ಒಬ್ಬಾಕೆಯಂತೂ ಬೋಧಕಿಯೆಂದೂ ದಾರಿಯಲ್ಲಿ ತಿಳಿಯುತ್ತದೆ. ಆಗ ಆಕೆಗೆ ಆ ಪಂಥವೆಂದರೆ ಆಗದು. ಹೆಂಗಸು ಉಪದೇಶ ಮಾಡುವುದೆಂದರೆ ಇನ್ನೂ ಅಸಹ್ಯ. ಆ ಮನೆಗೆ ಹೋಗಿ ಕೂತಾಗ ಅಲ್ಲಿದ್ದ ಪುಸ್ತಕವೊಂದನ್ನು ಕೈಗೆತ್ತಿಕೊಳ್ಳುತ್ತಾಳೆ. ಅದು ಸ್ಯಾಮ್ಯುಯಲ್ ಕ್ರಿಸ್ಪ್ ಎಂಬ ಕ್ವೇಕರನ ಬರಹ. ಎರಡು ಪುಟ ಓದುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಮನೆಯವರು ಅದನ್ನು ನೋಡಿಬಿಟ್ಟಾರೆಂದು ಹೆದರಿ, ಪುಸ್ತಕವನ್ನು ಹಿಡಿದುಕೊಂಡೇ ಹಿತ್ತಲ ತೋಟಕ್ಕೆ ಎದ್ದುಹೋಗಿ ಉಳಿದದ್ದನ್ನು ಅಲ್ಲಿ ಓದುತ್ತಾಳೆ. ಇಡೀ ಬರಹದಲ್ಲಿ ನನಗೆ ಬಹಳ ಇಷ್ಟವಾದ ಜಾಗ ಇದು. ಆಮೇಲೆ ಬರುವ ದೊಡ್ಡ ಪ್ರಸಂಗಗಳಲ್ಲಿ ನಾಟಕೀಯತೆ ಹೆಚ್ಚು, ಇಲ್ಲಿ ಇರುವುದು ಅಳುವನ್ನು ಬಚ್ಚಿಟ್ಟುಕೊಳ್ಳುವ ಒಬ್ಬ ಹುಡುಗಿ ಮಾತ್ರ.

ಆದರೆ ಆ ಬೋಧಕಿ ಎಲಿಜಬೆತ್‌ಗೆ ಏನಾಗಬೇಕು? ಮೂಲದಲ್ಲಿ ಇರುವುದು ‘ಆಂಟ್’ ಎಂಬ ಒಂದೇ ಪದ. ನಾನು ಕನ್ನಡದಲ್ಲಿ ಬರೆಯುವಾಗ ದೊಡ್ಡಮ್ಮನೋ ಚಿಕ್ಕಮ್ಮನೋ ಸೋದರತ್ತೆಯೋ ಎಂದು ತೀರ್ಮಾನಿಸಲೇಬೇಕು. ಸೋದರತ್ತೆ ಎಂದರೆ ತಂದೆಯ ಒಡಹುಟ್ಟು, ಹುಡುಕಬೇಕಾದದ್ದು ಸ್ಯಾಂಪ್ಸನ್ ಮನೆತನವನ್ನು. ಚಿಕ್ಕಮ್ಮ ಎಂದರೂ ತಾಯಿಯ ತಂಗಿಯೋ ಚಿಕ್ಕಪ್ಪನ ಹೆಂಡತಿಯೋ ಎಂಬ ಪ್ರಶ್ನೆ ಉಳಿಯುತ್ತದೆ. ಇನ್ನು ತಾಯಿಯ ಅಣ್ಣನ ಹೆಂಡತಿಯಾದರೆ ಅತ್ತೆ, ಅವಳ ತವರು ಮೂರನೆಯದೇ ಒಂದು ಮನೆ. ಇಂಗ್ಲಿಷಿನವನಿಗೆ ಒಂದು ಪದದಲ್ಲಿ ಮುಗಿದುಹೋದ ವಿಷಯ ನಮ್ಮಲ್ಲಿ ನಾಲ್ಕು ದಿಕ್ಕಿಗೆ ಒಡೆದುಕೊಳ್ಳುತ್ತದೆ. ಪುಣ್ಯಕ್ಕೆ ಒಂದು ಸುಳಿವಿದೆ. ಡಬ್ಲಿನ್ನಿನಲ್ಲಿ ಆಶ್ರಯ ಕೊಟ್ಟ ಬಂಧು ತಾಯಿಯ ಕಡೆಯವನು, ಅವನೂ ಕ್ವೇಕರ್. ತಂದೆತಾಯಿ ಇಬ್ಬರೂ ಇಂಗ್ಲೆಂಡಿನ ಸರ್ಕಾರಿ ಚರ್ಚಿಗೆ ಸೇರಿದವರಾದರೂ ತಾಯಿಯ ಕಡೆ ಕ್ವೇಕರ್ ನೆಂಟಸ್ತಿಕೆ ಇತ್ತು ಎಂಬುದು ಇದರಿಂದ ಖಚಿತ. ಹಾಗಾಗಿ ನನ್ನ ಒಲವು ತಾಯಿಯ ಕಡೆಗೆ.


ಚೆಸ್ಟರ್‌ನಿವಾಸಿ:

ಮೇಡಂ, ನಿಮ್ಮ ಬರಹವನ್ನು ಓದಿ ರಾತ್ರಿ ಆತ್ಮಕಥನದ ಮೊದಲ ಪುಟಗಳನ್ನು ಮತ್ತೆ ತೆಗೆದೆ. ಮೂರು ಸಲ ಓದಿಯೂ ನಾನು ಗಮನಿಸದೇ ಬಿಟ್ಟಿದ್ದ ಒಂದು ಮಾತು ಅಲ್ಲಿದೆ. ತಾನು ತಂದೆಗೆ ಒಬ್ಬಳೇ ಮಗಳು, ಆದರೆ ತಾಯಿಗೆ ಅಲ್ಲ ಎನ್ನುತ್ತಾಳೆ. ಥಾಮಸ್ ಸ್ಯಾಂಪ್ಸನ್ ಕೈಹಿಡಿಯುವ ಹೊತ್ತಿಗೆ ಮೇರಿ ವಿಧವೆ, ಮೊದಲ ಗಂಡನಿಂದ ಆಕೆಗೆ ಒಬ್ಬ ಮಗ, ಒಬ್ಬಳು ಮಗಳು ಇದ್ದರು.

ಇದರಿಂದ ಹುಡುಕುವ ದಾರಿಯೇ ಬದಲಾಗುತ್ತದೆ ಎಂದು ನನಗೆ ಅನಿಸಿತು, ತಪ್ಪಿದ್ದರೆ ತಿದ್ದಿ. ಸ್ಯಾಂಪ್ಸನ್‌ನ ಮದುವೆಯ ದಾಖಲೆ ಸಿಕ್ಕಿತೆಂದುಕೊಳ್ಳೋಣ, ಅದರಲ್ಲಿ ವಧುವಿನ ಹೆಸರಾಗಿ ಇರುವುದು ಮೊದಲ ಗಂಡನ ಮನೆತನದ ಹೆಸರು, ತವರಿನದಲ್ಲ. ಆ ಹೆಸರನ್ನು ಹಿಡಿದು ಹಿಂದಕ್ಕೆ ಹೋಗಿ ಮೊದಲ ಮದುವೆಯ ದಾಖಲೆಯನ್ನು ಹುಡುಕಿದರೆ ಮಾತ್ರ ತವರಿನ ಹೆಸರು ಸಿಗುತ್ತದೆ. ಅದು ಸಿಕ್ಕ ಮೇಲೆಯೇ ಅದೇ ಹೆಸರಿನ ಕ್ವೇಕರರು ಡಬ್ಲಿನ್ನಿನಲ್ಲಿಯೂ ಪೆನ್ಸಿಲ್ವೇನಿಯದಲ್ಲಿಯೂ ಯಾರಿದ್ದರು, ಅವರಲ್ಲಿ ಬೋಧಕಿ ಯಾರು ಎಂದು ಕೇಳಬಹುದು. ವಂಶವೃಕ್ಷಗಳಲ್ಲಿ ‘ಮೇರಿ’ ಎಂಬಲ್ಲಿಗೆ ನಿಂತುಬಿಟ್ಟಿರುವುದು ಏಕೆಂದು ಈಗ ಅರ್ಥವಾಗುತ್ತದೆ.


ನಿವೃತ್ತ ಗುಮಾಸ್ತ:

ತಿದ್ದುವುದೇನೂ ಇಲ್ಲ, ಕೀಲಿ ಇರುವುದು ಅಲ್ಲಿಯೇ. ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಎಲಿಜಬೆತ್ ಹುಟ್ಟಿನಿಂದ ಕ್ವೇಕರ್ ಅಲ್ಲವಾದ್ದರಿಂದ ಆಕೆಯ ಬಾಲ್ಯವನ್ನು ಕ್ವೇಕರ್ ಕಡತಗಳಲ್ಲಿ ಹುಡುಕುವುದು ವ್ಯರ್ಥ. ಮಿಡಲ್‌ವಿಚ್ ಚರ್ಚಿನ ಸ್ನಾನದೀಕ್ಷೆ, ಮದುವೆ ಮತ್ತು ಸಮಾಧಿಯ ರಿಜಿಸ್ಟರುಗಳನ್ನು ನೋಡಬೇಕು. ಪ್ರತಿಯೊಂದು ಚರ್ಚೂ ವರ್ಷಕ್ಕೊಮ್ಮೆ ರಿಜಿಸ್ಟರಿನ ನಕಲನ್ನು ಬಿಷಪ್ಪರ ಕಚೇರಿಗೆ ಕಳುಹಿಸಬೇಕಿತ್ತು. ಮೂಲದಲ್ಲಿ ಹುಳ ತಿಂದ ಪುಟ ನಕಲಿನಲ್ಲಿ ಚೆನ್ನಾಗಿ ಉಳಿದಿರುವುದನ್ನು ನಾನೇ ಕಂಡಿದ್ದೇನೆ. ಓಡಿಹೋಗಿ ಮಾಡಿಕೊಂಡ ಮದುವೆಯನ್ನು ಮಾತ್ರ ಮಿಡಲ್‌ವಿಚ್‌ನಲ್ಲಿಯೇ ಇರಬೇಕೆಂದು ಹಟ ಹಿಡಿಯಬೇಡಿ. ಗುಟ್ಟಿನ ಮದುವೆಗಳಿಗೆ ತಡೆ ಬಂದದ್ದು 1753ರ ಕಾನೂನಿನಿಂದ, ಅದು ಜಾರಿಯಾದದ್ದು 1754ರಲ್ಲಿ. ಅದಕ್ಕೆ ಮೊದಲು ಒಬ್ಬ ಪಾದ್ರಿ ಒಪ್ಪಿದರೆ ಎಲ್ಲಿ ಬೇಕಾದರೂ ಮದುವೆ ನಡೆಯುತ್ತಿತ್ತು.

ಅಮೆರಿಕದ ಕಡೆಗೆ ಬಂದರೆ, 1746ರ ಮದುವೆಗೆ ಎಲ್ಲರೂ ಗೋಶೆನ್ ಪುಸ್ತಕಗಳನ್ನೇ ತಡಕುತ್ತಾರೆ, ಏಕೆಂದರೆ ಏರನ್ ಅಲ್ಲಿಯವನು. ಆದರೆ ಕ್ವೇಕರರಲ್ಲಿ ಮದುವೆ ನಡೆಯುವ ರೂಢಿ ಹೆಣ್ಣಿನ ಸಭೆಯ ಆಶ್ರಯದಲ್ಲಿ. ಎಲಿಜಬೆತ್ ಸಲಿವನ್ನನ ಜೊತೆ ನೆಲೆಸಿದ್ದು ನ್ಯೂಜೆರ್ಸಿಯ ಮೌಂಟ್ ಹೋಲಿಯಲ್ಲಿ, ಆ ಕಾಲಕ್ಕೆ ಅದು ಬರ್ಲಿಂಗ್ಟನ್ ಮಾಸಿಕ ಸಭೆಯ ವ್ಯಾಪ್ತಿ. ಆದ್ದರಿಂದ ಮೊದಲು ಬರ್ಲಿಂಗ್ಟನ್ನಿನ ಹೆಂಗಸರ ಸಭೆಯ ನಡಾವಳಿ, ಆಮೇಲೆ ಗೋಶೆನ್. ಗಂಡು ಹೆಣ್ಣು ಇಬ್ಬರೂ ಒಂದರ ಹಿಂದೊಂದರಂತೆ ಎರಡು ತಿಂಗಳ ಸಭೆಗಳಲ್ಲಿ ತಮ್ಮ ಇಂಗಿತವನ್ನು ಹೇಳಬೇಕು, ನಡುವೆ ವಿಚಾರಣೆಗೆಂದು ಇಬ್ಬರು ಹಿರಿಯರನ್ನು ನೇಮಿಸುತ್ತಾರೆ, ಬೇರೆ ಯಾರೊಂದಿಗಾದರೂ ಮಾತುಕತೆಯಾಗಿದೆಯೇ ಎಂದು ಅವರು ಕೇಳಿಬರುತ್ತಾರೆ. ಹೆಣ್ಣಿನ ವಿಚಾರಣೆ ಹೆಂಗಸರ ಸಭೆಗೇ ಸೇರಿದ್ದು. ಊರಿನಿಂದ ಊರಿಗೆ ಹೋಗುವಾಗ ಕೊಟ್ಟ ವರ್ಗಾವಣೆ ಪತ್ರ ಒಂದು ಕಡೆ ಕೊಟ್ಟದ್ದು, ಇನ್ನೊಂದು ಕಡೆ ಸ್ವೀಕರಿಸಿದ್ದು ಎಂದು ಎರಡು ಪುಸ್ತಕಗಳಲ್ಲಿಯೂ ದಾಖಲಾಗುವುದರಿಂದ ಒಂದು ಕಳೆದರೂ ಇನ್ನೊಂದು ಸಾಕ್ಷಿ.

ಹಿನ್‌ಶಾ ಎಂಬವರು ಸಿದ್ಧಪಡಿಸಿದ ಕ್ವೇಕರ್ ವಂಶಾವಳಿ ಕೋಶದ ಎರಡನೆಯ ಸಂಪುಟವನ್ನು ತೆರೆದು, ಗೋಶೆನ್ ಇಲ್ಲವೆಂದು ನಿರಾಶರಾಗಬೇಡಿ. ಅದರಲ್ಲಿ ಸೇಲಂ, ಬರ್ಲಿಂಗ್ಟನ್, ಫಿಲಡೆಲ್ಫಿಯ, ಫಾಲ್ಸ್ ಎಂಬ ನಾಲ್ಕೇ ಸಭೆಗಳಿವೆ. ಗೋಶೆನ್‌ಗೆ ಮೂಲ ಪುಸ್ತಕವೇ ಗತಿ. 1827ರಲ್ಲಿ ಫಿಲಡೆಲ್ಫಿಯದ ಕ್ವೇಕರರು ಎರಡು ಬಣಗಳಾಗಿ ಒಡೆದರು. ಎಲಿಯಾಸ್ ಹಿಕ್ಸ್ ಎಂಬ ಬೋಧಕನ ಬಣದವರ ಕಡತಗಳು ಸ್ವಾರ್ತ್‌ಮೋರ್ ಕಾಲೇಜಿಗೂ ಸಂಪ್ರದಾಯಸ್ಥರದು ಹ್ಯಾವರ್‌ಫರ್ಡ್ ಕಾಲೇಜಿಗೂ ಸೇರಿದವು. ಬಿರುಕಿಗೆ ನೂರು ವರ್ಷ ಮೊದಲು ಬರೆದ ಪುಸ್ತಕವೂ ಯಾರ ಪಾಲಿಗೆ ಹೋಯಿತೋ ಅಲ್ಲಿಯೇ ಇರುತ್ತದೆ. ನಿಮ್ಮ ಮನೆಯಿಂದ ಎರಡೂ ಹತ್ತಿರವೇ.


ಮಲೆನಾಡಿನವ:

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ, ಆದರೂ ಒಂದು ಆಕ್ಷೇಪವಿದೆ. ನೀವೆಲ್ಲ ಆತ್ಮಕಥನವನ್ನೇ ನೆಲಗಟ್ಟಾಗಿ ಇಟ್ಟುಕೊಂಡು ಗೋಡೆ ಎಬ್ಬಿಸುತ್ತಿದ್ದೀರಿ. ಅದು ಮತಾಂತರದ ಕಥೆ. ಮೊದಲು ಪಾಪ, ಆಮೇಲೆ ಸಂಕಟ, ಕೊನೆಗೆ ಬೆಳಕು ಎಂಬ ಅಚ್ಚಿನಲ್ಲಿ ಹಾಕಿ ತೆಗೆದ ಬರಹ. ಹಡಗಿನಲ್ಲಿ ಜೀತದಾಳುಗಳು ಹೂಡಿದ ಸಂಚನ್ನು ಈಕೆ ಐರಿಷ್ ಭಾಷೆ ಬಲ್ಲವಳಾದ್ದರಿಂದ ಕೇಳಿಸಿಕೊಂಡು ಒಡೆಯನಿಗೆ ತಿಳಿಸಿದಳಂತೆ, ಅವನು ಅದೇ ಉಪಕಾರಿಯನ್ನು ಮಾರಿದನಂತೆ. ಇಷ್ಟು ಹದವಾಗಿ ಕೂಡಿಬರುವ ಬದುಕನ್ನು ನಾನು ನಂಬುವುದಿಲ್ಲ. ನಮ್ಮ ಮನೆಗೆ ಹೆಳವರು ಬಂದು ವಂಶಾವಳಿ ಓದುವಾಗಲೂ ಎಲ್ಲ ಹಿರಿಯರೂ ಶೂರರು, ದಾನಿಗಳೇ. ಅವರ ಓದಿನಲ್ಲಿ ನಮ್ಮಜ್ಜಿಯ ಹೆಸರು ಮಾತ್ರ ಒಮ್ಮೆಯೂ ಬಂದದ್ದಿಲ್ಲ, ಅದು ಬೇರೆ ಮಾತು.


ಅನುವಾದಕಿ:

ಅಚ್ಚು ಇದೆ ಎಂಬುದನ್ನು ಒಪ್ಪುತ್ತೇನೆ. ಆ ಶತಮಾನದ ಕ್ವೇಕರ್ ಆತ್ಮಕಥನಗಳೆಲ್ಲವೂ ಅದೇ ಎರಕದವು. ಆದರೆ ಅಚ್ಚಿಗೆ ಬೇಕಾಗದ ವಿವರಗಳನ್ನು ಪ್ರತ್ಯೇಕಿಸಿ ನೋಡಬೇಕು. ತಾಯಿ ಮೊದಲೇ ವಿಧವೆಯಾಗಿದ್ದಳು, ಎರಡು ಮಕ್ಕಳಿದ್ದವು ಎಂಬ ಮಾತಿನಿಂದ ಯಾವ ಧರ್ಮಬೋಧೆಯೂ ಸಾಗುವುದಿಲ್ಲ. ಕಥೆಗೆ ಕೆಲಸವಿಲ್ಲದೆ ಬಂದು ಕೂತ ಇಂಥ ಮಾತುಗಳೇ ವಂಶಮೂಲ ಹುಡುಕುವವರಿಗೆ ಹೆಚ್ಚು ನಂಬಿಕೆಗೆ ಅರ್ಹವಾದವು. ಹಡಗಿನ ಸಂಚಿನ ಪ್ರಸಂಗವನ್ನು ನಾನೂ ಪಕ್ಕಕ್ಕೆ ಇಡುತ್ತೇನೆ. ಆಕೆ ಸುಳ್ಳು ಹೇಳಿದ್ದಾಳೆಂದಲ್ಲ, ಅದರಿಂದ ತವರಿನ ವಿಷಯ ಒಂದಿಂಚೂ ಮುಂದೆ ಹೋಗುವುದಿಲ್ಲ ಎಂದು.


ನಿವೃತ್ತ ಗುಮಾಸ್ತ:

ಮಲೆನಾಡಿನವರ ಆಕ್ಷೇಪ ಒಳ್ಳೆಯದೇ. ಒಂದು ಬಾಯಿಯ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಹಾಗೆಯೇ ಒಪ್ಪುವುದಿಲ್ಲ. ಆದರೆ ಆಕೆಯ ಹೇಳಿಕೆಗಳಲ್ಲಿ ಒರೆಗೆ ಹಚ್ಚಬಹುದಾದವು ಅನೇಕವಿವೆ. ಸಲಿವನ್‌ನ ಕೊನೆಯನ್ನೇ ತೆಗೆದುಕೊಳ್ಳಿ. 1740ರಲ್ಲಿ ಕುಡಿದ ಅಮಲಿನಲ್ಲಿ ಸೈನ್ಯಕ್ಕೆ ಸೇರಿ, ಕ್ಯೂಬಾದ ಕಡೆಗೆ ಹೊರಟ ದಂಡಿನಲ್ಲಿ ಹೋದ, ಯುದ್ಧ ಮಾಡಲಾರೆನೆಂದು ಕೊನೆಗೆ ಆಯುಧ ಹಿಡಿಯಲು ನಿರಾಕರಿಸಿ ಹೊಡೆತ ತಿಂದ, ಲಂಡನ್ ಬಳಿಯ ಚೆಲ್ಸೀ ಆಸ್ಪತ್ರೆಯಲ್ಲಿ ಸತ್ತ ಎಂದು ಬರೆಯುತ್ತಾಳೆ. ಸ್ಪೇನಿನ ಮೇಲಿನ ಆ ಯುದ್ಧ ನಡೆದದ್ದು ನಿಜ, ಅಮೆರಿಕದ ವಸಾಹತುಗಳಲ್ಲಿ ಆಳು ಎತ್ತಿದ್ದು ನಿಜ, 1741ರಲ್ಲಿ ಆ ದಂಡು ಕ್ಯೂಬಾದಲ್ಲಿ ಇಳಿದದ್ದೂ ನಿಜ. ಸೈನ್ಯದ ಕಡತಗಳು ಲಂಡನ್ನಿನ ರಾಷ್ಟ್ರೀಯ ದಾಖಲಾಲಯದಲ್ಲಿವೆ. ಇನ್ನೊಂದು, ಅವನು ಬಿಟ್ಟುಹೋದ ಸುಮಾರು 80 ಪೌಂಡ್ ಸಾಲವನ್ನು ಶಾಲೆ ನಡೆಸಿಯೂ ಹೊಲಿಗೆ ಮಾಡಿಯೂ ತೀರಿಸತೊಡಗಿದೆ ಎನ್ನುತ್ತಾಳೆ. ಸಾಲವಿದ್ದಲ್ಲಿ ಸಾಲ ಕೊಟ್ಟವರಿರುತ್ತಾರೆ, ಸಾಲ ಕೊಟ್ಟವರಿದ್ದಲ್ಲಿ ಲೆಕ್ಕದ ಪುಸ್ತಕವಿರುತ್ತದೆ. ಆ ಕಾಲದ ಅಂಗಡಿಯವರ ಖಾತೆಪುಸ್ತಕಗಳು ಪತ್ರಾಗಾರಗಳಲ್ಲಿ ಸಾಕಷ್ಟು ಉಳಿದಿವೆ, ಅವುಗಳನ್ನು ತೆರೆಯುವವರು ಕಡಿಮೆ.


ಡಬ್ಲಿನ್ ಕನ್ನಡಿಗ:

ಐರ್ಲೆಂಡಿನ ಭಾಗಕ್ಕೆ ನನ್ನ ಪಾಲು. ಎಲಿಜಬೆತ್ ಕೊನೆಯುಸಿರೆಳೆದದ್ದು ಕಾರ್ಲೋ ಕೌಂಟಿಯ ಕಿಲ್‌ನಾಕ್‌ನಲ್ಲಿ, ರಾಬರ್ಟ್ ಲೆಕಿ ಎಂಬ ಕ್ವೇಕರನ ಮನೆಯಲ್ಲಿ, ಮಣ್ಣಾದದ್ದು ಬ್ಯಾಲಿಬ್ರಮ್‌ಹಿಲ್‌ನ ಕ್ವೇಕರ್ ಸ್ಮಶಾನದಲ್ಲಿ. ಆಗ ಆಕೆಗೆ ಇನ್ನೂ ಸುಮಾರು ನಲವತ್ತೆರಡು.

ಐರ್ಲೆಂಡಿನಲ್ಲಿ ವಂಶಮೂಲ ಹುಡುಕುವವರು ಮೊದಲು ಕೇಳುವ ಕೆಟ್ಟ ಸುದ್ದಿಯೆಂದರೆ 1922ರ ಜೂನ್ ತಿಂಗಳ ಬೆಂಕಿ. ಅಂತರ್ಯುದ್ಧದಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ಕಟ್ಟಡ ಸಿಡಿದಾಗ ಅಲ್ಲಿದ್ದ ಸರ್ಕಾರಿ ದಾಖಲೆಗಳೊಂದಿಗೆ ಪ್ರಾಟೆಸ್ಟೆಂಟ್ ಚರ್ಚುಗಳ ನೂರಾರು ರಿಜಿಸ್ಟರುಗಳೂ ಬೂದಿಯಾದವು. ಕ್ವೇಕರರು ಮಾತ್ರ ತಮ್ಮ ಪುಸ್ತಕಗಳನ್ನು ತಮ್ಮ ಬಳಿಯೇ ಇಟ್ಟುಕೊಂಡಿದ್ದರಿಂದ ಅವು ಉಳಿದವು. ಈಗ ಡಬ್ಲಿನ್ನಿನ ರಾತ್‌ಫಾರ್ನಮ್‌ನಲ್ಲಿರುವ ಅವರ ಗ್ರಂಥಾಲಯದಲ್ಲಿವೆ. ತಾಯಿಯ ತವರಿನ ಹೆಸರು ನಿಮಗೆ ಸಿಕ್ಕ ದಿನ ತಿಳಿಸಿ, 1720ರ ದಶಕದ ಡಬ್ಲಿನ್ ಸಭೆಯಲ್ಲಿ ಆ ಹೆಸರಿನವರು ಯಾರಿದ್ದರೆಂದು ನಾನು ಹೋಗಿ ನೋಡಿ ಬರುತ್ತೇನೆ. ಸ್ಮರಣಪತ್ರಗಳಿಂದ ತವರಿನ ಮಟ್ಟಿಗೆ ಹೆಚ್ಚು ನಿರೀಕ್ಷಿಸಬೇಡಿ. ಹೇಗೆ ಬೋಧಿಸಿದಳು, ಹೇಗೆ ನೋವು ತಿಂದಳು ಎಂದು ಪುಟಗಟ್ಟಲೆ ಬರೆಯುವವರು ಯಾರ ಮಗಳೆಂಬುದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.


ಚೆಸ್ಟರ್‌ನಿವಾಸಿ:

ಎಲ್ಲರಿಗೂ ವಂದನೆಗಳು. ಮೊನ್ನೆ ಗ್ರಂಥಾಲಯಕ್ಕೆ ಹೋಗಿದ್ದೆ. ಅಭ್ಯಾಸವಾಗಲೆಂದು ಅಲ್ಲಿಯವರು ನನ್ನ ಮುಂದೆ ಇಟ್ಟದ್ದು ಎಲಿಜಬೆತ್‌ಗೆ ಸಂಬಂಧವಿಲ್ಲದ, ಆದರೆ ಅದೇ ಕಾಲದ ಒಂದು ಮದುವೆಯ ಪತ್ರವನ್ನು. ಪಾದ್ರಿಯಿಲ್ಲದ ಮದುವೆಗೆ ನೆರೆದವರೇ ಸಾಕ್ಷಿಯಾದ್ದರಿಂದ, ಬಂದಿದ್ದವರೆಲ್ಲರೂ ಸಾಲಾಗಿ ಸಹಿ ಹಾಕಿದ್ದರು. ಮೇಲೆ ಗಂಡು ಹೆಣ್ಣು, ಹೆಣ್ಣು ಆಗಲೇ ಗಂಡನ ಮನೆತನದ ಹೆಸರಿನಲ್ಲಿ. ಬಲಗಡೆಯ ಕಂಬದಲ್ಲಿ ಹತ್ತಿರದ ಬಂಧುಗಳು, ಎಡಕ್ಕೆ ಉಳಿದವರು. ಒಬ್ಬ ಮುದುಕಿಯದಿರಬೇಕು, ಅಕ್ಷರಗಳು ನಡುಗಿ, ಕೊನೆಯ ಅಕ್ಷರ ಪಕ್ಕದ ಕಂಬಕ್ಕೆ ಹರಿದುಹೋಗಿತ್ತು. ಎಲಿಜಬೆತ್‌ಳ ಮದುವೆಯ ಪತ್ರದ ನಕಲು ಸಿಕ್ಕಿದರೆ ನಾನು ಮೊದಲು ನೋಡುವುದು ಆ ಬಲಗಡೆಯ ಕಂಬವನ್ನು. ತವರಿನ ಕಡೆಯವರು ಒಬ್ಬರಾದರೂ ಬಂದಿದ್ದರೆ ಅಲ್ಲಿಯೇ ಇರುತ್ತಾರೆ.

ನನ್ನ ಹಾಳೆಯನ್ನು ಹೊಸದಾಗಿ ಬರೆದಿದ್ದೇನೆ. ಮೂವರು ಮಕ್ಕಳನ್ನು ಹೊಡೆದುಹಾಕಿದೆ. ತಾಯಿಯ ಮುಂದೆ ‘ಮೇರಿ, ಮರುಮದುವೆ’ ಎಂದು ಬರೆದು, ಹೆಸರು ತಿಳಿಯದ ಮೊದಲ ಗಂಡನಿಗೂ ಆ ಇಬ್ಬರು ಮಕ್ಕಳಿಗೂ ಮೂರು ಖಾಲಿ ಚೌಕಗಳನ್ನು ಬಿಡಿಸಿದ್ದೇನೆ. ಆ ಬೋಧಕಿಯ ಚೌಕದಲ್ಲಿ ಅನುವಾದಕಿಯವರ ಮಾತಿನಂತೆ ಸಂಬಂಧದ ಪದವನ್ನು ಬರೆಯದೆ ‘ಬಂಧು, ಬೋಧಕಿ, ಪೆನ್ಸಿಲ್ವೇನಿಯ’ ಎಂದಷ್ಟೇ ಇಟ್ಟಿದ್ದೇನೆ. ಬರ್ಲಿಂಗ್ಟನ್ನಿನ ಹೆಂಗಸರ ಸಭೆಯ ನಡಾವಳಿಯನ್ನು ಬರುವ ಗುರುವಾರಕ್ಕೆ ಕೇಳಿಕೊಂಡಿದ್ದೇನೆ. ಗುಮಾಸ್ತರೇ, 1746ರ ಯಾವ ತಿಂಗಳಿಂದ ಓದಲಿ?


ನಿವೃತ್ತ ಗುಮಾಸ್ತ:

1745ರ ಹನ್ನೊಂದನೆಯ ತಿಂಗಳಿಂದ ಶುರುಮಾಡಿ. ನಮ್ಮ ಲೆಕ್ಕಕ್ಕೆ ಅದು 1746ರ ಜನವರಿ. ಪೆನ್ಸಿಲ್ ಒಯ್ಯಿರಿ, ಪೆನ್ನನ್ನು ಒಳಗೆ ಬಿಡುವುದಿಲ್ಲ.